ಓದುಗರ ಪ್ರಶ್ನೆ: ದಿನಾ ಕ್ಯಾಪ್ ಹಾಕಿದರೆ ತಲೆ ಬೋಳಾಗುತ್ತಾ?

ಪ್ರಶ್ನೆ: ಶಿವಮೊಗ್ಗದಲ್ಲಿ ಕೆಲಸ, ಊರು ತೀರ್ಥಹಳ್ಳಿ ಕಡೆ. ಫ್ಲ್ಯಾಟ್ ಕ್ಯಾಪ್ ಅಥವಾ ನ್ಯೂಸ್‌ಬಾಯ್ ಕ್ಯಾಪ್ ಹಾಕಬೇಕು ಅಂತ ಬಹಳ ದಿನದ ಆಸೆ. ದಿನಾ ಹಾಕಿದರೆ ಕೂದಲು ಉದುರುತ್ತೆ ಅಂತ ಮನೆಯಲ್ಲಿ ಬೇಡ ಅಂತಿದ್ದಾರೆ. ನಿಜವಾ? ಯಾವುದು ತಗೊಳ್ಳಲಿ?

ಉದುರುವುದಿಲ್ಲ. ಧೈರ್ಯವಾಗಿ ತಗೊಳ್ಳಿ.

ಇಷ್ಟು ಹೇಳಿ ಸುಮ್ಮನಾದರೆ ಸಾಲುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಕ್ಯಾಪ್ ಬಗ್ಗೆ ಏನೇ ಮಾತಾಡಿದರೂ ಕೊನೆಗೆ ಬಂದು ನಿಲ್ಲುವುದು ಇದೇ ಪ್ರಶ್ನೆಗೆ. ಬಟ್ಟೆ ಯಾವುದು, ಅಳತೆ ಹೇಗೆ ಅಂತ ಕೇಳುವವರು ಕಮ್ಮಿ. "ತಲೆಗೆ ಗಾಳಿ ಆಡಲ್ಲ, ಕೂದಲಿನ ಬುಡ ಸತ್ತುಹೋಗುತ್ತೆ" ಅನ್ನುವವರೇ ಜಾಸ್ತಿ. ಇವತ್ತು ಇದನ್ನು ಬುಡಸಮೇತ ನೋಡಿಬಿಡೋಣ.

ಮೊದಲು ಗಾಳಿಯ ಮಾತು. ಚರ್ಮದ ಹೊರಗೆ ಕಾಣುವ ಕೂದಲಿಗೆ ಜೀವ ಇಲ್ಲ. ಅದಕ್ಕೇ ಕತ್ತರಿಸಿದರೆ ನೋಯುವುದಿಲ್ಲ. ಜೀವ ಇರುವುದು ಚರ್ಮದೊಳಗೆ, ಕೆಲವೇ ಮಿಲಿಮೀಟರ್ ಆಳದಲ್ಲಿರುವ ಬುಡದಲ್ಲಿ. ಅದಕ್ಕೆ ಬೇಕಾದ ಆಮ್ಲಜನಕ, ಆಹಾರ ಎರಡೂ ರಕ್ತದಲ್ಲೇ ಬರುತ್ತವೆ. ಅಡಿಕೆ ಮರಕ್ಕೆ ಬೇರಿನಿಂದ ನೀರು ಹತ್ತುವ ಹಾಗೆ. ಮೇಲೆ ಬಟ್ಟೆ ಮುಚ್ಚಿದರೆ ಅದಕ್ಕೇನೂ ಆಗುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಮುಂದಿನ ಮಾತು ಬರುತ್ತದೆ: "ಹಾಗಾದರೆ ಬಿಗಿಯಾಗಿ ಕೂತು ರಕ್ತವನ್ನೇ ತಡೆಯುತ್ತಲ್ಲ?" ರಕ್ತ ನಿಲ್ಲುವಷ್ಟು ಬಿಗಿಯಾದ ಕ್ಯಾಪನ್ನು ಯಾರೂ ತಲೆ ಮೇಲೆ ಇಟ್ಟುಕೊಳ್ಳಲಾರರು. ಅಷ್ಟು ಹೊತ್ತಿಗೆ ನೋವು ತಡೆಯದೆ ತೆಗೆದಿರುತ್ತೀರಿ.

ಇನ್ನೂ ನಂಬಿಕೆ ಬರಲಿಲ್ಲವಾದರೆ ಒಂದು ನ್ಯೂಸ್‌ಬಾಯ್ ಕ್ಯಾಪನ್ನು ಕೈಗೆ ತಗೊಂಡು ಒಳಮಗ್ಗುಲು ತಿರುಗಿಸಿ. ಸುತ್ತಲೂ ಬೆರಳಗಲದ ಒಂದು ಪಟ್ಟಿ ಕಾಣುತ್ತದೆ. ಬೆವರು ಹೀರುವ ಪಟ್ಟಿ ಅದು. ಹಣೆ, ಕಿವಿಯ ಮೇಲ್ಭಾಗ, ಹಿಂದಲೆ, ಇಷ್ಟಕ್ಕೇ ಅದು ಒತ್ತಿಕೊಂಡಿರುತ್ತದೆ. ಮೇಲಿನ 8 ತುಂಡುಗಳು ಉಬ್ಬಿಕೊಂಡು ನಡುವಿನ ಗುಂಡಿಯ ಕೆಳಗೆ ಸೇರುತ್ತವೆ. ನೆತ್ತಿಗೆ ಬಟ್ಟೆ ಸರಿಯಾಗಿ ತಾಗುವುದೂ ಇಲ್ಲ. ಈಗ ತಲೆ ಬೋಳಾದ ಯಾರನ್ನಾದರೂ ನೆನಪಿಸಿಕೊಳ್ಳಿ. ಕೂದಲು ಹೋಗಿರುವುದು ಎಲ್ಲಿ? ನೆತ್ತಿಯಲ್ಲಿ, ಹಣೆಯ ಎರಡು ಮೂಲೆಗಳಲ್ಲಿ. ಉಳಿದಿರುವುದು ಎಲ್ಲಿ? ಕಿವಿಯ ಮೇಲೆ, ಹಿಂದಲೆಯಲ್ಲಿ. ಪಟ್ಟಿ ದಿನವಿಡೀ ಒತ್ತುವ ಜಾಗದಲ್ಲಿ ಕೂದಲು ಗಟ್ಟಿಯಾಗಿ ನಿಂತಿದೆ, ಏನೂ ತಾಗದ ಜಾಗದಲ್ಲಿ ಖಾಲಿಯಾಗಿದೆ. ಕ್ಯಾಪ್ ಕಾರಣ ಆಗಿದ್ದರೆ ಇದು ತಿರುಗಾಮುರುಗಾ ಆಗಬೇಕಿತ್ತು, ಅಲ್ವಾ?

ನಿಜವಾದ ಕಾರಣ ಗೊತ್ತಾಗಿ ತುಂಬಾ ಕಾಲವಾಯಿತು. 1942ರಲ್ಲಿ ಅಮೆರಿಕದ ಸಂಶೋಧಕ ಜೇಮ್ಸ್ ಹ್ಯಾಮಿಲ್ಟನ್ ಇದರ ಬಗ್ಗೆ ಬರೆದರು. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡ ಗಂಡಸರಿಗೆ ಬೋಳುತಲೆ ಬರುವುದಿಲ್ಲ ಅಂತ ಅವರು ತೋರಿಸಿದರು. ಅಂಥವರಿಗೆ ಗಂಡಸರ ಹಾರ್ಮೋನು ಟೆಸ್ಟೋಸ್ಟಿರಾನ್ ಕೊಟ್ಟಾಗ, ವಂಶದಲ್ಲಿ ಬೋಳುತಲೆ ಇದ್ದವರಿಗೆ ಕೂದಲು ಉದುರಲು ಶುರುವಾಯಿತು. ಅಂದರೆ ಹಾರ್ಮೋನೂ ಬೇಕು, ವಂಶವೂ ಬೇಕು. ಟೆಸ್ಟೋಸ್ಟಿರಾನ್‌ನಿಂದ ಹುಟ್ಟುವ ಡಿಎಚ್‌ಟಿ ಅನ್ನುವ ಇನ್ನೊಂದು ಹಾರ್ಮೋನು ನೆತ್ತಿಯ ಕೂದಲಿನ ಬುಡವನ್ನು ವರ್ಷದಿಂದ ವರ್ಷಕ್ಕೆ ಸಣ್ಣದು ಮಾಡುತ್ತಾ ಹೋಗುತ್ತದೆ. ತೋಟದಲ್ಲಿ ಜೀವಮಾನವಿಡೀ ಅಡಿಕೆ ಹಾಳೆಯ ಟೋಪಿ ಹಾಕಿ ದುಡಿದವರಲ್ಲಿ ತುಂಬು ಕೂದಲಿನವರೂ ಇದ್ದಾರೆ, ಬೋಳುತಲೆಯವರೂ ಇದ್ದಾರೆ. ವ್ಯತ್ಯಾಸ ಮಾಡಿದ್ದು ಟೋಪಿ ಅಲ್ಲ, ವಂಶ. ತಾಯಿಯ ತಂದೆಯನ್ನು ನೋಡಿದರೆ ಸಾಕು ಅನ್ನುವ ಮಾತೂ ಅರ್ಧ ಮಾತ್ರ ಸರಿ. ಅಪ್ಪನ ಕಡೆಯಿಂದಲೂ ಬರುತ್ತದೆ.

ಮತ್ತೆ ಈ ನಂಬಿಕೆ ಯಾಕೆ ಇಷ್ಟು ಗಟ್ಟಿ? ಜನ ಕಣ್ಣಾರೆ ನೋಡಿದ್ದನ್ನೇ ಹೇಳುತ್ತಾರೆ, ಕಾರಣವನ್ನು ಮಾತ್ರ ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಎಲ್ಲರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಬರಿತಲೆಯಲ್ಲಿ ಓಡಾಡಿದರೆ ಅವು ದಾರಿಯಲ್ಲಿ ಬಿದ್ದುಹೋಗುತ್ತವೆ. ಕ್ಯಾಪ್ ಹಾಕಿದರೆ ಒಳಗೆ ಸಿಕ್ಕಿಕೊಂಡು ಒಟ್ಟಿಗೆ ಕಾಣುತ್ತವೆ. ಇನ್ನೊಂದು, ಕೂದಲು ತೆಳುವಾಗುತ್ತಿದೆ ಅಂತ ಗೊತ್ತಾದ ಮೇಲೇ ಎಷ್ಟೋ ಜನ ಕ್ಯಾಪ್ ಕೊಳ್ಳುತ್ತಾರೆ. ನೋಡುವವರಿಗೆ ಮೊದಲು ಕಾಣುವುದು ಕ್ಯಾಪ್, ಆಮೇಲೆ ಬೋಳುತಲೆ.

ನಮ್ಮ ಮಲೆನಾಡಿನಲ್ಲಿ ಮೂರನೆಯ ಕಾರಣವೂ ಒಂದಿದೆ ಅಂತ ನನ್ನ ಅಂದಾಜು. ಡೆಂಗ್ಯೂ, ಟೈಫಾಯ್ಡ್ ತರಹದ ಜೋರು ಜ್ವರ ಬಂದರೆ ಕೂದಲು ಉದುರುವುದು ಆಗಲೇ ಅಲ್ಲ, ಎರಡು ಮೂರು ತಿಂಗಳಾದ ಮೇಲೆ. ಆಗ ಹಿಡಿ ಹಿಡಿ ಬರುತ್ತದೆ. ಆಗಸ್ಟ್‌ನಲ್ಲಿ ಜ್ವರ ಬಂದವರಿಗೆ ನವೆಂಬರ್‌ನಲ್ಲಿ ಉದುರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಚಳಿ ಅಂತ ಕ್ಯಾಪ್ ಹೊರಗೆ ಬಂದಿರುತ್ತದೆ! ಮಳೆಗಾಲದ ಜ್ವರ ಮರೆತುಹೋಗಿರುತ್ತದೆ, ಬೈಗುಳ ಕ್ಯಾಪಿಗೆ. ಹೆರಿಗೆಯಾದ ಮೇಲೂ ಹೀಗೆ ಉದುರುವುದುಂಟು. ಸಾಮಾನ್ಯವಾಗಿ ಆರೇಳು ತಿಂಗಳಲ್ಲಿ ತಾನಾಗಿಯೇ ಮತ್ತೆ ಬರುತ್ತದೆ. ಬರದಿದ್ದರೆ ಚರ್ಮದ ಡಾಕ್ಟರನ್ನು ಕಾಣಿ.

ಕ್ಯಾಪಿನಿಂದ ತೊಂದರೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬೆವರಿನ ಕ್ಯಾಪನ್ನು ತೊಳೆಯದೆ ಹಾಕುತ್ತಿದ್ದರೆ ತುರಿಕೆ, ಹೊಟ್ಟು ಜಾಸ್ತಿಯಾಗುತ್ತದೆ. ಒಬ್ಬರ ಕ್ಯಾಪ್ ಇನ್ನೊಬ್ಬರು ಹಾಕಿದರೆ ತಲೆಗೆ ಹುಳಕಡ್ಡಿ ಹರಡಬಹುದು, ಮಕ್ಕಳಿಗೆ ಮುಖ್ಯವಾಗಿ. ಕೂದಲನ್ನು ದಿನಾ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯಂಚಿನ ಕೂದಲು ನಿಜವಾಗಿಯೂ ಹೋಗುತ್ತದೆ. ಹೆಣ್ಣುಮಕ್ಕಳು ಕ್ಯಾಪ್ ಹಾಕುವಾಗ ತುರುಬನ್ನು ಸಡಿಲವಾಗಿ, ಕತ್ತಿನ ಹತ್ತಿರ ಕಟ್ಟಿಕೊಳ್ಳಿ.

ಇಷ್ಟು ಉದ್ದ ಹೇಳಲು ಒಂದು ಕಾರಣವಿದೆ. ಇದೇ ನಂಬಿಕೆಯಿಂದ ಹುಡುಗರು ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲೆ ಇಟ್ಟುಕೊಂಡು ಬೈಕ್ ಓಡಿಸುತ್ತಾರೆ. ಆಗುಂಬೆ ಘಾಟಿಯ ತಿರುವಿನಲ್ಲೂ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಹೆಲ್ಮೆಟ್ಟಿನಿಂದಲೂ ತಲೆ ಬೋಳಾಗುವುದಿಲ್ಲ. ಬೆವರು ತಾಗದ ಹಾಗೆ ಒಳಗೊಂದು ತೆಳು ಹತ್ತಿ ಬಟ್ಟೆ ಕಟ್ಟಿಕೊಂಡರೆ ಆಯಿತು. ಆದರೆ ಹೆಲ್ಮೆಟ್ಟಿನ ಒಳಗೆ ಕ್ಯಾಪ್ ಬೇಡವೇ ಬೇಡ. ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಬಿದ್ದರೆ ಮೇಲಿನ ಗುಂಡಿ ನೆತ್ತಿಗೇ ಒತ್ತುತ್ತದೆ. ಫ್ಲ್ಯಾಟ್ ಕ್ಯಾಪ್ ಮಡಚಿ ಬ್ಯಾಗಿಗೆ ಹಾಕಿ, ಇಳಿದ ಮೇಲೆ ತಲೆಗೆ ಏರಿಸಿ.

ಇನ್ನು ಯಾವುದು ಅಂತ. ಫ್ಲ್ಯಾಟ್ ಕ್ಯಾಪ್ ಚಪ್ಪಟೆ, ಮೇಲಿನ ಬಟ್ಟೆ ಮುಂದಕ್ಕೆ ಬಾಗಿ ಮುಂದಿನ ಅಂಚಿಗೆ ಸೇರಿರುತ್ತದೆ. ನ್ಯೂಸ್‌ಬಾಯ್ ಉಬ್ಬಿಕೊಂಡಿರುತ್ತದೆ. ಮುಖದ ಆಕಾರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ತೆಳ್ಳಗೆ ಸಣ್ಣಗಿರುವವರಿಗೆ ನ್ಯೂಸ್‌ಬಾಯ್ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಕನ್ನಡಿ ಮುಂದೆ ಎರಡನ್ನೂ ಹಾಕಿ ನೋಡಿ.

ಅಳತೆ ಮಾತ್ರ ಸರಿಯಾಗಿ ತಗೊಳ್ಳಿ. ಕಿವಿಯಿಂದ ಒಂದು ಬೆರಳು ಮೇಲೆ, ಹಣೆಯ ನಡುವೆ ಹಾಯುವಂತೆ ಟೇಪ್ ಸುತ್ತಿ. 58 ಸೆಂಟಿಮೀಟರ್ ಬಂದರೆ ಅದು ಅಮೆರಿಕದ ಲೆಕ್ಕದಲ್ಲಿ 7¼, ಬ್ರಿಟನ್ನಿನ ಲೆಕ್ಕದಲ್ಲಿ 7⅛. ಆನ್‌ಲೈನ್‌ನಲ್ಲಿ ತರಿಸಿ "ಬಿಗಿಯಾಯ್ತು" ಅನ್ನುವವರು ಎಡವುವುದು ಇಲ್ಲೇ. ಸೆಂಟಿಮೀಟರ್ ನೋಡಿಯೇ ಕೊಳ್ಳಿ. ಎರಡರ ನಡುವೆ ಬಂದರೆ ದೊಡ್ಡದನ್ನು ತಗೊಳ್ಳಿ. ಹಾಕಿದಾಗ ಒಂದು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಅಂಚು ಹುಬ್ಬಿನಿಂದ ಸ್ವಲ್ಪ ಮೇಲಿರಲಿ, ಹಿಂದಕ್ಕೆ ಜಾರಿಸಿ ಹಣೆಯೆಲ್ಲ ಬಿಡಬೇಡಿ.

ಬಟ್ಟೆ? ಈ ಕ್ಯಾಪುಗಳು ಚಳಿ ದೇಶದ ಉಣ್ಣೆಯವು. 1571ರಲ್ಲಿ ಇಂಗ್ಲೆಂಡಿನಲ್ಲಿ ಉಣ್ಣೆ ವ್ಯಾಪಾರ ಉಳಿಸಲು, ದೊಡ್ಡ ಮನೆತನದವರನ್ನು ಬಿಟ್ಟು 6 ವರ್ಷ ದಾಟಿದವರೆಲ್ಲ ಭಾನುವಾರ ಮತ್ತು ಹಬ್ಬದ ದಿನ ಉಣ್ಣೆ ಕ್ಯಾಪ್ ಹಾಕಲೇಬೇಕು ಅಂತ ಕಾನೂನೇ ಇತ್ತು. 1597ರಲ್ಲಿ ಅದು ರದ್ದಾಯಿತು. ಶಿವಮೊಗ್ಗದ ಏಪ್ರಿಲ್ ಬಿಸಿಲಿಗೆ ಟ್ವೀಡ್ ಅನ್ನುವ ದಪ್ಪ ಉಣ್ಣೆ ಬಟ್ಟೆ ಆಗಿಬರುವುದಿಲ್ಲ. ಪೇಟೆಗೆ ಹತ್ತಿ ಅಥವಾ ಲಿನನ್, ಊರಿನ ಡಿಸೆಂಬರ್ ಬೆಳಗಿಗೆ ಉಣ್ಣೆ. ಒಂದೇ ಸಾಕು ಅನ್ನುವುದಾದರೆ ತೆಳು ಉಣ್ಣೆಯ ಫ್ಲ್ಯಾಟ್ ಕ್ಯಾಪ್ ನನ್ನ ಆಯ್ಕೆ.

ನೀವು ಕೇಳಲಿಲ್ಲ, ಆದರೆ ತೀರ್ಥಹಳ್ಳಿ ಅಂದ ಮೇಲೆ ಹೇಳದಿದ್ದರೆ ತಪ್ಪಾಗುತ್ತದೆ. ಮಳೆಗಾಲದಲ್ಲಿ ಇದನ್ನು ಎಲ್ಲಿಡುತ್ತೀರಿ? ಬೀರುವಿನಲ್ಲಿ ಸುಮ್ನೆ ಇಟ್ಟರೆ ಜುಲೈ ಹೊತ್ತಿಗೆ ಪಟ್ಟಿಯ ಮೇಲೆ ಬಿಳಿ ಬೂಸ್ಟು ಹಿಡಿದಿರುತ್ತದೆ. ಬೂಸ್ಟಿಗೆ ಬೇಕಾದ್ದು ತೇವ ಮತ್ತು ಕೊಳೆ. ಪಟ್ಟಿಯಲ್ಲಿ ಕೂತ ಬೆವರು, ಎಣ್ಣೆ ಅದಕ್ಕೆ ಊಟ. ಬಟ್ಟೆ ತಿನ್ನುವ ನುಸಿಯೂ ಕೊಳೆಯಾದ ಉಣ್ಣೆಯನ್ನೇ ಮೊದಲು ಹುಡುಕುತ್ತದೆ. ಆದ್ದರಿಂದ ಮೇ ತಿಂಗಳಲ್ಲೇ ತಣ್ಣೀರಿಗೆ ಒಂದು ಹನಿ ಶಾಂಪೂ ಹಾಕಿ, ಬಟ್ಟೆ ಅದ್ದಿ ಹಿಂಡಿ, ಪಟ್ಟಿಯನ್ನು ಒರೆಸಿ. ಇಡೀ ಕ್ಯಾಪನ್ನು ನೆನೆಹಾಕಬೇಡಿ. ಹಳೇ ಕ್ಯಾಪಿನ ಮುಂದಿನ ಅಂಚಿನೊಳಗೆ ರಟ್ಟು ಇದ್ದರೆ ಅದು ಮೆತ್ತಗಾಗಿ ಹೋಗುತ್ತದೆ. ಒಳಗೆ ಟವೆಲ್ ತುಂಬಿ, ನೆರಳಿನಲ್ಲಿ, ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿ. ಆಮೇಲೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ.

ಮಳೆಯಲ್ಲಿ ನೆನೆದು ಬಂದ ದಿನ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಮಾತ್ರ ನೇತುಹಾಕಬೇಡಿ. ಪಂಚೆ, ಟವೆಲ್ ಒಣಗಲು ಅದು ಒಳ್ಳೇ ಜಾಗ. ಉಣ್ಣೆ ಆ ಶಾಖಕ್ಕೆ ಕುಗ್ಗಿ ಒಂದು ಅಳತೆ ಚಿಕ್ಕದಾಗುತ್ತದೆ, ಅಂಚಿನೊಳಗಿನ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಹೊಗೆಯ ವಾಸನೆಯಂತೂ ದೀಪಾವಳಿ ತನಕ ಹೋಗುವುದಿಲ್ಲ.