ಓದುಗರ ಪ್ರಶ್ನೆ: ಜಾಯಿಂಟ್‌ಗೆ ಗ್ಲೂ ಬಿಟ್ಟರೆ ಜೀಟಾ ಒಳ್ಳೆ ಪೋಸ್ ಕೊಡುತ್ತಾ?

"ಅಣ್ಣಾ, ನನ್ನ ಹತ್ರ 1/144 ಅಳತೆಯ ಜೀಟಾ ಗನ್‌ಡಮ್ ಪ್ಲಾಸ್ಟಿಕ್ ಕಿಟ್ ಇದೆ, ಅನಿಮೆ ರೋಬೋ, ವಿಮಾನವಾಗಿ ಪೂರ್ತಿ ಟ್ರಾನ್ಸ್‌ಫಾರ್ಮ್ ಆಗೋದು. ರೋಬೋ ರೂಪದಲ್ಲಿ ನಿಲ್ಲಿಸಿದರೆ ಸೊಂಟ ಜೋಲುತ್ತೆ. ತೊಡೆ ಎತ್ತಿದರೆ ಅರ್ಧಕ್ಕೇ ನಿಲ್ಲುತ್ತೆ. ಎಲ್ಲಾ ಜಾಯಿಂಟ್‌ಗೂ ಫೆವಿಕ್ವಿಕ್ ಬಿಟ್ಟು ಟೈಟ್ ಮಾಡು, ಪೋಸ್ ಚೆನ್ನಾಗಿ ಬರುತ್ತೆ ಅಂತ ಫ್ರೆಂಡ್ಸ್ ಹೇಳ್ತಿದ್ದಾರೆ. ಎಷ್ಟು ಹನಿ ಹಾಕಲಿ?"

ಒಂದು ಹನಿಯೂ ಬೇಡ ತಮ್ಮಾ. ಮೊದಲು ಆ ಟ್ಯೂಬಿನ ಮುಚ್ಚಳ ಹಾಕಿ ಪಕ್ಕಕ್ಕಿಡು, ಆಮೇಲೆ ಮುಂದೆ ಓದು. ಇದೇ ಪ್ರಶ್ನೆ ಬೇರೆ ಬೇರೆ ಕಿಟ್‌ಗಳ ಹೆಸರಲ್ಲಿ ನನಗೆ ಬರುತ್ತಲೇ ಇರುತ್ತದೆ. ಒಂದು ಸಲ ವಾಲ್ಕಿರಿ (ಅದೂ ವಿಮಾನ ಆಗುವ ಅನಿಮೆ ರೋಬೋನೇ), ಒಂದು ಸಲ ಜೀಟಾ. ತುಮಕೂರಿನಿಂದ ಕೇಳುತ್ತಾರೆ, ಶಿರಾದಿಂದ ಕೇಳುತ್ತಾರೆ, ಗೌರಿಬಿದನೂರಿನಿಂದಲೂ ಕೇಳುತ್ತಾರೆ. ಎರಡೆರಡು ಸಾಲಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಈ ಸಲ ಕೂತು ಪೂರ್ತಿ ಬರೆಯುತ್ತಿದ್ದೇನೆ. ನಿಪ್ಪರ್ ಅನ್ನುವ ಕಟರ್ ಹಿಡಿಯೋದು, ಪೀಸ್‌ಗಳು ಅಂಟಿಕೊಂಡು ಬರುವ ರನ್ನರ್ ಚೌಕಟ್ಟಿನಿಂದ ಪೀಸ್ ಬಿಡಿಸೋದು, ಕೀಲಿನೊಳಗೆ ಕೂರುವ ಮೆತ್ತನೆ ಪಾಲಿಕ್ಯಾಪ್ ಅಂದರೇನು, ಇದೆಲ್ಲ ನಿನಗೆ ಗೊತ್ತು ಅಂದುಕೊಂಡಿದ್ದೇನೆ.

ನಿನ್ನ ಪ್ರಶ್ನೆಯನ್ನು ಇನ್ನೊಂದು ಸಲ ಓದಿ ನೋಡು. ಅದರಲ್ಲಿ ಎರಡು ಕಾಯಿಲೆ ಇವೆ. ಸೊಂಟ ಜೋಲುವುದು ಒಂದು, ಅಂದರೆ ಇಟ್ಟ ಜಾಗದಲ್ಲಿ ನಿಲ್ಲುತ್ತಿಲ್ಲ. ತೊಡೆ ಅರ್ಧಕ್ಕೆ ನಿಲ್ಲುವುದು ಇನ್ನೊಂದು, ಅಂದರೆ ಬೇಕಾದ ಜಾಗಕ್ಕೆ ಹೋಗುತ್ತಲೇ ಇಲ್ಲ. ನಿಲ್ಲದೇ ಇರುವುದು ಹಿಡಿತದ ವಿಷಯ. ಹೋಗದೇ ಇರುವುದು ಅಡ್ಡಿಯ ವಿಷಯ. ಎರಡಕ್ಕೂ ಒಂದೇ ಮದ್ದು ಅಂದುಕೊಂಡಿದ್ದೇ ಈ ಎಲ್ಲಾ ಗೋಳಿಗೆ ಕಾರಣ.

ಮನೆ ಬಾಗಿಲು ಪೂರ್ತಿ ತೆರೆಯುತ್ತಿಲ್ಲ ಅಂತಿಟ್ಟುಕೋ. ಹಿಂದೆ ನೋಡಿದರೆ ರಾಗಿ ಮೂಟೆ ಇದೆ. ಆಗ ಮೂಟೆ ಸರಿಸುತ್ತೀಯೋ, ಬಾಗಿಲ ಕೀಲಿನ ಸ್ಕ್ರೂ ಬಿಗಿ ಮಾಡುತ್ತೀಯೋ? ತೊಡೆ ಎತ್ತಿದಾಗ ಅದು ನಿಂತಿದ್ದು ಜಾಯಿಂಟ್ ಸಡಿಲ ಇದೆ ಅಂತಲ್ಲ. ಮುಂದಿನ ಸ್ಕರ್ಟ್‌ಗೋ (ಸೊಂಟದಿಂದ ತೊಡೆ ಮೇಲೆ ಇಳಿಬಿದ್ದ ಕವಚ), ಪಕ್ಕದ ಕವಚಕ್ಕೋ, ಸೊಂಟದ ಅಂಚಿಗೋ ತಾಗಿ ನಿಂತಿತು. ಅಲ್ಲಿ ಜಾಯಿಂಟ್ ಬಿಗಿ ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಇದಿಷ್ಟನ್ನು ನಾನು ಹುಡುಗರಿಗೆ ಮೇಜಿನ ಮೇಲೆ ಕಿಟ್ ಇಟ್ಟು ತೋರಿಸಿದ್ದೇನೆ. ಆ ಕ್ಷಣ ಹೌದು ಹೌದು ಅನ್ನುತ್ತಾರೆ, ಮುಂದಿನ ವಾರ ಮತ್ತೆ "ಟೈಟ್ ಮಾಡೋಕೆ ಏನು ಹಾಕಲಿ?" ಅಂತ ಬರುತ್ತಾರೆ.

ಈ ನಂಬಿಕೆ ಇಷ್ಟು ಗಟ್ಟಿಯಾಗಿ ಕೂತಿರೋದಕ್ಕೂ ಕಾರಣ ಇದೆ, ಅದರಲ್ಲಿ ಸ್ವಲ್ಪ ನಿಜವೂ ಇದೆ. ಹಳೆ ಕಿಟ್‌ಗಳ ಬಾಲ್ ಜಾಯಿಂಟ್ ಸವೆದಾಗ ಆ ಬಾಲನ್ನು ಹೊರಗೆ ತೆಗೆದು, ಅದರ ಮೇಲೆ ಮಾತ್ರ ತೆಳುವಾಗಿ ಗ್ಲೂ ಸವರಿ, ಪೂರ್ತಿ ಒಣಗಿಸಿ, ಆಮೇಲೆ ಮತ್ತೆ ಕೂರಿಸುತ್ತಿದ್ದರು. ಬಾಲ್ ಒಂದು ಕೂದಲೆಳೆ ದಪ್ಪ ಆಗುತ್ತಿತ್ತು, ಹಿಡಿತ ಬರುತ್ತಿತ್ತು. ಇದು ಸರಿಯಾದ ಕೆಲಸವೇ. ಆದರೆ ಬಾಯಿಂದ ಬಾಯಿಗೆ ಹೋಗುತ್ತಾ "ತೆಗೆದು, ಸವರಿ, ಒಣಗಿಸಿ" ಅನ್ನುವುದೆಲ್ಲ ಉದುರಿಹೋಯಿತು. "ಜಾಯಿಂಟ್‌ಗೆ ಗ್ಲೂ ಬಿಡು" ಅನ್ನುವುದು ಮಾತ್ರ ಉಳಿಯಿತು.

ಬಿಟ್ಟರೆ ಏನಾಗುತ್ತದೆ ಹೇಳುತ್ತೇನೆ. ಈ ಗ್ಲೂ ನೀರಿನಷ್ಟೇ ತೆಳು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಸಣ್ಣ ಸಂದಿ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಲ್ಲಿ ನಿಲ್ಲುತ್ತದೆ ಅಂತ ನಿನಗೆ ಕಾಣುವುದಿಲ್ಲ. ಗಾಳಿಯ ತೇವ ಸಾಕು, ತೆಳು ಪದರ ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಜಾಯಿಂಟ್ ಬಿಗಿ ಆಗುವುದಿಲ್ಲ, ಅಂಟಿಹೋಗುತ್ತದೆ. ಆರ್‌ಜಿ (ರಿಯಲ್ ಗ್ರೇಡ್) ಅನ್ನುವ ಸಾಲಿನ ಗನ್‌ಡಮ್ ಕಿಟ್‌ಗಳಲ್ಲಂತೂ ಒಳಗಿನ ಫ್ರೇಮಿನ ಎಷ್ಟೋ ಕೀಲುಗಳು ರನ್ನರಿನಲ್ಲೇ ಜೋಡಣೆಯಾಗಿ ಬರುತ್ತವೆ. ಅವನ್ನು ಬಿಚ್ಚಿ ಸವರುವುದಕ್ಕೆ ದಾರಿಯೇ ಇಲ್ಲ, ಒಳಗೆ ಅಂಟಿಕೊಂಡರೆ ಬಿಡಿಸುವುದಕ್ಕೂ ದಾರಿ ಇಲ್ಲ. ಇನ್ನು ಪಾಲಿಕ್ಯಾಪ್ ಇರುವ ಕಡೆ ಉಲ್ಟಾ. ಅದು ಪಾಲಿಥೀನ್, ಅದರ ಮೇಲೆ ಈ ಗ್ಲೂ ಹಿಡಿಯುವುದೇ ಇಲ್ಲ, ನಾಲ್ಕು ಸಲ ಕಾಲು ಆಡಿಸಿದರೆ ಹೊಪ್ಪಳೆ ಎದ್ದು ಬರುತ್ತದೆ. ಜೊತೆಗೆ ಗ್ಲೂವಿನ ಆವಿ ತಾಗಿ ಸುತ್ತಲಿನ ಬಣ್ಣದ ಪ್ಲಾಸ್ಟಿಕ್ ಮೇಲೆ ಬಿಳಿ ಮಂಕು ಕೂರುತ್ತದೆ.

ನಾನೂ ಮಾಡಿದ್ದೇನೆ ಇದನ್ನು. ನನ್ನ ಮೊದಲ ವಾಲ್ಕಿರಿಯ ಪಾದಕ್ಕೆ ಗ್ಲೂ ಬಿಟ್ಟೆ. ಪಾದ ಅಲುಗಾಡಲಿಲ್ಲ. ಜೋರಾಗಿ ತಿರುಗಿಸಿದಾಗ ಮುರಿದಿದ್ದು ಪಾದ ಅಲ್ಲ, ಮೇಲಿನ ಮಂಡಿಯ ತೆಳು ಪಿನ್ನು. ಇದೇ ಮುಖ್ಯವಾದ ವಿಷಯ. ಟ್ರಾನ್ಸ್‌ಫಾರ್ಮ್ ಆಗುವ ಕಿಟ್ಟಿನಲ್ಲಿ ಒಂದು ಕೀಲು ಹಟ ಹಿಡಿದರೆ ನಿನ್ನ ಕೈಯ ಬಲ ಅದರ ಪಕ್ಕದ ತೆಳು ಕೀಲಿಗೆ ಹೋಗುತ್ತದೆ. ಬಿಗಿ ಜಾಸ್ತಿ ಮಾಡಿದಷ್ಟೂ ಮುರಿಯುವ ಜಾಗ ಹತ್ತಿರ ಬರುತ್ತದೆ.

ಹಾಗಾದರೆ ಸೊಂಟ ಯಾಕೆ ಜೋಲುತ್ತದೆ? ಜೀಟಾ ವೇವ್ ರೈಡರ್ (ಅದರ ವಿಮಾನ ರೂಪ) ಆಗುವಾಗ ಬೆನ್ನ ಹಿಂದಿನ ಫ್ಲೈಯಿಂಗ್ ಆರ್ಮರ್ ಅನ್ನುವ ಕವಚ ಕೆಳಗೆ ಬಂದು ಹೊಟ್ಟೆ ಆಗುತ್ತದೆ, ಗುರಾಣಿ ಮೂತಿ ಆಗುತ್ತದೆ, ಎದೆ ಸೊಂಟ ಭುಜ ಎಲ್ಲವೂ ಜಾಗ ಬದಲಾಯಿಸುತ್ತವೆ. ಮಾಮೂಲಿ ಕಿಟ್ಟಿನಲ್ಲಿ ಎದೆಯಿಂದ ತೊಡೆಗೆ ಒಂದೆರಡು ಕೀಲು ಸಾಕು. ಇಲ್ಲಿ ರೂಪ ಬದಲಿಸಲಿಕ್ಕೆಂದೇ ಇರುವ ಕೀಲುಗಳೂ ಅದೇ ದಾರಿಯಲ್ಲಿ ನಿಂತಿವೆ, ಪೋಸ್ ಕೊಡುವಾಗ ಭಾರ ಅವುಗಳ ಮೇಲೂ ಬೀಳುತ್ತದೆ. ನಮ್ಮ ಕಡೆ ತೋಟದಲ್ಲಿ ಎರಡು ಮೂರು ಬಿದಿರು ಸೇರಿಸಿ ಕಟ್ಟಿದ ದೋಟಿ ನೋಡಿದ್ದೀಯಲ್ಲ? ಒಂದೊಂದು ಕಟ್ಟೂ ಒಂಚೂರು ಸಡಿಲ ಇದ್ದರೆ ಸಾಕು, ತುದಿ ಕಾಯಿಗೊನೆ ಬಿಟ್ಟು ಆಚೆ ಈಚೆ ಓಡಾಡುತ್ತದೆ. ಇಲ್ಲೂ ಅಷ್ಟೇ. ಐದು ಕೀಲು, ಒಂದೊಂದಕ್ಕೆ 2 ಡಿಗ್ರಿ ಸಡಿಲ, ಎಲ್ಲ ಒಂದೇ ಕಡೆ ವಾಲಿದರೆ 10 ಡಿಗ್ರಿ. 7 ಸೆಂ.ಮೀ. ಉದ್ದದ ಕಾಲಿನ ತುದಿಯಲ್ಲಿ ಅದು ಒಂದು ಸೆಂಟಿಮೀಟರ್ ಮೇಲೆಯೇ ಆಗುತ್ತದೆ. 1/144 ಜೀಟಾ ನಿಂತರೆ ಇರುವುದೇ ಸುಮಾರು 14 ಸೆಂ.ಮೀ. ಎತ್ತರ!

ಆದ್ದರಿಂದ ಎಲ್ಲಾ ಕೀಲು ಬಿಗಿ ಮಾಡುವುದಲ್ಲ, ಪೋಸ್‌ಗೆ ಬೇಡದ ಕೀಲುಗಳನ್ನು ಆ ಹೊತ್ತಿಗೆ ಅಲುಗದ ಹಾಗೆ ಮಾಡುವುದು. ರೋಬೋ ರೂಪದಲ್ಲಿ ಎದೆ ಸೊಂಟ ಸೇರುವ ಕಡೆ, ಹೊರಗೆ ಕಾಣದ ಜಾಗ ಹುಡುಕು. ಎರಡೂ ಪೀಸ್‌ಗಳನ್ನು ಸರಿಯಾಗಿ ಕೂರಿಸಿ ಹಿಡಿದು, ಕೈ ಡ್ರಿಲ್ಲಿನಿಂದ 1 ಮಿ.ಮೀ. ತೂತು ಎರಡಕ್ಕೂ ಸೇರಿ ಕೊರೆ. ಅದಕ್ಕೆ ಹಿತ್ತಾಳೆ ತಂತಿಯ ತುಂಡು ಹಾಕು, ಒಂದು ತುದಿ ಬಗ್ಗಿಸಿದರೆ ಎಳೆಯಲು ಸುಲಭ. ವೇವ್ ರೈಡರ್ ಮಾಡಬೇಕಾದಾಗ ತಂತಿ ಎಳೆ, ಮತ್ತೆ ರೋಬೋ ಆದಾಗ ಹಾಕು. ಕೊರೆಯುವ ಮುಂಚೆ ಒಳಗೆ ಬೇರೆ ಕೀಲು ಇಲ್ಲ ಅಂತ ಎರಡು ಸಲ ನೋಡಿಕೋ. ಕೈ ಡ್ರಿಲ್, ಸೂಜಿ ಅರ, ಸಣ್ಣ ಬಿಟ್‌ಗಳಿಗೆ ಆನ್‌ಲೈನ್ ಕಾಯಬೇಕಿಲ್ಲ. ಅಕ್ಕಸಾಲಿಗರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತವೆ, ನಾನು ನನ್ನದನ್ನು ತುಮಕೂರಿನಲ್ಲಿ ಅಂಥ ಕಡೆಯೇ ತಗೊಂಡಿದ್ದು.

ತೂತು ಕೊರೆಯಲು ಜಾಗ ಇಲ್ಲದ ತೆಳು ಫಲಕಗಳಿಗೆ 3 ಮಿ.ಮೀ. ಅಗಲ, 1 ಮಿ.ಮೀ. ದಪ್ಪದ ನಿಯೋಡಿಮಿಯಂ ಅಯಸ್ಕಾಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅಂಟಿಸುವ ಮುಂಚೆ ಯಾವ ಮುಖ ಯಾವುದನ್ನು ಎಳೆಯುತ್ತದೆ ಅಂತ ಮಾರ್ಕರಿನಲ್ಲಿ ಗುರುತು ಹಾಕು. ಇಲ್ಲಿ ಗ್ಲೂ ಬಳಸು, ಇದು ಅದಕ್ಕೆ ಸರಿಯಾದ ಜಾಗ.

ನಿಜವಾಗಿಯೂ ಸವೆದ ಬಾಲ್ ಇದ್ದರೆ? ಅದನ್ನು ಹೊರಗೆ ತೆಗೆ. ಮರಕ್ಕೆ ಹಾಕುವ ಬಿಳಿ ಫೆವಿಕಾಲ್ ತೆಳುವಾಗಿ ಸವರು, ರಾತ್ರಿ ಪೂರ್ತಿ ಒಣಗಲಿ. ಜಾಸ್ತಿ ಆಯಿತಾ, ಬಿಸಿ ನೀರಿನಲ್ಲಿ ನೆನೆಸಿ ಉಜ್ಜಿ ತೆಗೆದು ಮತ್ತೆ ಸವರು. ತಪ್ಪಿದರೆ ತಿದ್ದಬಹುದು ಅನ್ನುವ ಕಾರಣಕ್ಕೇ ಇದನ್ನು ಹೇಳುತ್ತಿದ್ದೇನೆ. ನೈಲ್ ಪಾಲಿಶ್ ಬೇಡ, ಅದರೊಳಗಿನ ದ್ರಾವಕ ಸ್ಟೈರೀನ್ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ.

ಈಗ ತೊಡೆಗೆ ಬರೋಣ. ಬಡಗಿಗಳು ಬಾಗಿಲು ಎಲ್ಲಿ ಉಜ್ಜುತ್ತಿದೆ ಅಂತ ನೋಡಲು ಅಂಚಿಗೆ ಸೀಮೆಸುಣ್ಣ ಹಚ್ಚುತ್ತಾರೆ, ಅದನ್ನೇ ಮಾಡು. ತೊಡೆಯ ಮೇಲ್ಭಾಗಕ್ಕೆ ಸೀಮೆಸುಣ್ಣದ ಪುಡಿ ಸವರು, ಬಿಳಿ ಪೀಸ್ ಆದರೆ ಪೆನ್ಸಿಲ್ ಪುಡಿ. ಮೆಲ್ಲಗೆ ಎತ್ತು, ನಿಂತ ಕಡೆ ಬಿಡು. ಸ್ಕರ್ಟಿನ ಒಳಗೆ ಪುಡಿ ಎಲ್ಲಿ ಅಂಟಿದೆಯೋ ಅದೇ ನಿನ್ನ ರಾಗಿ ಮೂಟೆ. ಅಲ್ಲಿ ಮಾತ್ರ 400ರ ವಾಟರ್ ಪೇಪರಿನಿಂದ ಉಜ್ಜು, ಆಮೇಲೆ 800, 1000.

ಎಷ್ಟು ಉಜ್ಜಬೇಕು ಅನ್ನುವುದಕ್ಕೂ ಲೆಕ್ಕ ಇದೆ, ಇದನ್ನು ನಾನು ಖುಷಿಯಿಂದ ಹೇಳುತ್ತೇನೆ, ಯಾಕೆಂದರೆ ಒಂದು ಸಲ ಅರ್ಥ ಆದರೆ ಮುಂದೆ ಯಾವ ಕಿಟ್ಟಿಗೂ ಹೆದರಬೇಕಿಲ್ಲ. ಕೀಲಿನಿಂದ 5 ಮಿ.ಮೀ. ದೂರದಲ್ಲಿ 1 ಮಿ.ಮೀ. ಸವೆಸಿದರೆ ಸುಮಾರು 11 ಡಿಗ್ರಿ ಹೆಚ್ಚು ಸಿಗುತ್ತದೆ. ಅದೇ 1 ಮಿ.ಮೀ.ಯನ್ನು 20 ಮಿ.ಮೀ. ದೂರದಲ್ಲಿ ಸವೆಸಿದರೆ 3 ಡಿಗ್ರಿಯೂ ಸಿಗುವುದಿಲ್ಲ. ಅಂದರೆ ಕೀಲಿನ ಹತ್ತಿರ ತಾಗುತ್ತಿದ್ದರೆ ಒಂಚೂರು ಉಜ್ಜಿ ನಿಲ್ಲಿಸಿ ನೋಡು, ದೂರದಲ್ಲಿ ತಾಗುತ್ತಿದ್ದರೆ ಉಜ್ಜಬೇಡ, ಆ ಕವಚವೇ ಸರಿಯುವ ದಾರಿ ಹುಡುಕು. ಎಷ್ಟೋ ಎಚ್‌ಜಿ (ಹೈ ಗ್ರೇಡ್ ಅನ್ನುವ ಇನ್ನೊಂದು ಸಾಲು) ಕಿಟ್‌ಗಳಲ್ಲಿ ಮುಂದಿನ ಎರಡು ಸ್ಕರ್ಟ್‌ಗಳ ನಡುವೆ ಒಂದು ಸಣ್ಣ ಕಡ್ಡಿ ಇರುತ್ತದೆ, ಒಂದು ಎದ್ದರೆ ಇನ್ನೊಂದೂ ಏಳುತ್ತದೆ. ಆ ಕಡ್ಡಿಯನ್ನು ಮಧ್ಯಕ್ಕೆ ಕತ್ತರಿಸಿದರೆ ಎರಡೂ ಬೇರೆ ಬೇರೆ ಆಡುತ್ತವೆ. ಒಂದು ಕಾಲು ಮುಂದಿಟ್ಟು ಓಡುವ ಪೋಸ್ ಆಗ ಬರುತ್ತದೆ. ಕತ್ತರಿಸಿದ ಮೇಲೆ ಎರಡೂ ತುಂಡು ತಮ್ಮ ತಮ್ಮ ಗೂಟದಲ್ಲಿ ಹಿಡಿದು ನಿಲ್ಲುತ್ತವಾ ಅಂತ ಮೊದಲೇ ನೋಡಿಕೋ.

ಉಜ್ಜಿದ ಮೇಲೆ ವೇವ್ ರೈಡರ್ ರೂಪಕ್ಕೆ ಒಂದು ಸಲ ತಿರುಗಿಸಿ ನೋಡಲೇಬೇಕು. ರೋಬೋ ರೂಪದಲ್ಲಿ ಅಡ್ಡಿ ಅನ್ನಿಸಿದ ಅಂಚು ವಿಮಾನ ರೂಪದಲ್ಲಿ ಹಿಡಿದು ನಿಲ್ಲಿಸುವ ಲಾಕ್ ಆಗಿರಬಹುದು. ಬಣ್ಣ ಹಚ್ಚುವ ಯೋಚನೆ ಇದ್ದರೆ ಉಜ್ಜುವ ಕೆಲಸ ಮುಗಿದ ಮೇಲೆಯೇ ಹಚ್ಚು, ಕೀಲಿನ ಒಳಗೆ ಬಣ್ಣ ಬೇಡ. ಎಬಿಎಸ್ ಅನ್ನುವ ಪ್ಲಾಸ್ಟಿಕ್ಕಿನ ಪೀಸ್‌ಗಳಿಗೆ ಎನಾಮೆಲ್ ವಾಶ್ (ಗೆರೆಗಳಿಗೆ ಇಳಿಸುವ ತೆಳು ಬಣ್ಣ) ಸುರಿಯಬೇಡ, ಬಿಗಿಯಾಗಿ ಕೂತ ಜಾಗದಲ್ಲಿ ಬಿರುಕು ಬಿಡುತ್ತದೆ.

ಇನ್ನೊಂದು ವಿಷಯ. ನೀನು ಕೇಳಲಿಲ್ಲ, ಆದರೆ ಈ ಮಾತು ಬಂದಾಗಲೆಲ್ಲ ನನ್ನ ತಲೆಗೆ ಬರುತ್ತದೆ. ಪೀಸ್ ಬದಲಿಸಿ ರೂಪ ಬದಲಿಸುವ ಕಿಟ್‌ಗಳನ್ನು ನಮ್ಮ ಹುಡುಗರು "ಅದು ನಿಜವಾದ ಟ್ರಾನ್ಸ್‌ಫಾರ್ಮ್ ಅಲ್ಲ" ಅಂತ ತಳ್ಳಿಹಾಕುತ್ತಾರೆ. ನನಗೆ ಬೇಜಾರಾಗುತ್ತದೆ. 2017ರ ಎಚ್‌ಜಿಯುಸಿ (ಎಚ್‌ಜಿಯದೇ ಒಂದು ಸಾಲು) ಜೀಟಾ ನೋಡು. ವೇವ್ ರೈಡರ್‌ಗೆ ಬೇರೆ ಪೀಸ್ ಹಾಕಬೇಕು, ಆದರೆ ರೋಬೋ ರೂಪದಲ್ಲಿ ರೂಪ ಬದಲಿಸುವ ಕೀಲುಗಳ ಹೊರೆ ಇಲ್ಲ, ಎಷ್ಟು ಚೆನ್ನಾಗಿ ನಿಲ್ಲುತ್ತದೆ! 2012ರ ಆರ್‌ಜಿ ಜೀಟಾ ಅಷ್ಟು ಸಣ್ಣ ಅಳತೆಯಲ್ಲಿ ಪೂರ್ತಿ ಬದಲಾಗುತ್ತದೆ, ಅದು ಎಂಜಿನಿಯರಿಂಗ್ ಸಾಹಸವೇ, ಆದರೆ ಅದಕ್ಕೆ ಬೆಲೆ ಕೊಟ್ಟಿದ್ದು ಸೊಂಟ. ಜಪಾನಿನ ಹಸೆಗಾವಾ ಕಂಪನಿಯವರು 1/72 ವಾಲ್ಕಿರಿಯನ್ನು ವಿಮಾನಕ್ಕೆ ಒಂದು ಕಿಟ್, ರೋಬೋಗೆ ಒಂದು ಕಿಟ್ ಅಂತ ಬೇರೆ ಬೇರೆಯಾಗಿಯೇ ಮಾಡಿದರು. ಅವನ್ನು ಯಾರೂ ನಕಲಿ ಅನ್ನುವುದಿಲ್ಲ.

1982ರ ಮ್ಯಾಕ್ರಾಸ್ ಅನಿಮೆಗೆ ವಾಲ್ಕಿರಿ ವಿನ್ಯಾಸ ಮಾಡಿದ ಶೋಜಿ ಕವಾಮೊರಿ ತಮ್ಮ ರೂಪಾಂತರಗಳನ್ನು ಲೆಗೋ ತುಂಡುಗಳಿಂದ ಕಟ್ಟಿ ನೋಡುವುದಕ್ಕೆ ಹೆಸರಾದವರು. ಎಂಜಿನ್ ಗೂಡೇ ಕಾಲು, ಬೆಂಕಿ ಬರುವ ನಳಿಗೆಯೇ ಪಾದ, ಕೈಗಳು ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ. ಅಷ್ಟು ಯೋಚಿಸಿ ಮಾಡಿದ ವಿನ್ಯಾಸವೂ ತೆರೆಯ ಮೇಲೆ ಬಂದಾಗ ಚಿತ್ರ ಬರೆಯುವವರು ಕವಚವನ್ನು ಒಂಚೂರು ಹಿಗ್ಗಿಸಬಹುದು, ಕುಗ್ಗಿಸಬಹುದು. ಪ್ಲಾಸ್ಟಿಕ್‌ಗೆ ಆ ಅನುಕೂಲ ಇಲ್ಲ. ಹಾಗಾಗಿ ಅನಿಮೆಯ ಪೋಸನ್ನು ಕಿಟ್ ಕೊಡಲಿಲ್ಲ ಅಂದರೆ ತಪ್ಪು ನಿನ್ನ ಕೈಯದ್ದಲ್ಲ. ಆ ಒಂದು ಪೋಸ್‌ಗೋಸ್ಕರ ರನ್ನರಿನ ಉಳಿದ ಪ್ಲಾಸ್ಟಿಕ್ಕಿನಿಂದ ಒಂದು ಬದಲಿ ಸೊಂಟದ ಪೀಸ್ ಮಾಡಿಕೊಂಡರೂ ಅದು ಕಳ್ಳಾಟ ಅಲ್ಲ.

ಇವತ್ತು ರಾತ್ರಿ ಸೀಮೆಸುಣ್ಣದ ಕೆಲಸ ಒಂದೇ ಮಾಡು. ತೂತು, ಉಜ್ಜುವುದು ಏನೂ ಬೇಡ. ಪುಡಿ ಎಲ್ಲೆಲ್ಲಿ ಅಂಟಿದೆ ಅಂತ ಎರಡು ಕಡೆಯಿಂದ ಫೋಟೋ ತೆಗೆದು ಕಳಿಸು, ಯಾವ ಅಂಚು, ಎಷ್ಟು ಅಂತ ನೋಡಿ ಹೇಳುತ್ತೇನೆ.