ಪದ ಪರಿಚಯ: ರೇಷ್ಮೆ ದಾರಿ

'ರೇಷ್ಮೆ ದಾರಿ' ಅಂದ ಕೂಡಲೇ ಕಣ್ಣ ಮುಂದೆ ಒಂದು ಚಿತ್ರ ಬರುತ್ತದೆ. ಮರಳುಗಾಡು, ಸಾಲಾಗಿ ಹೊರಟ ಒಂಟೆಗಳು, ಚೀನಾದಿಂದ ರೋಮ್‌ವರೆಗೆ ಎಳೆದ ಒಂದು ಉದ್ದ ಗೆರೆ. ಶಾಲೆಯ ಭೂಪಟದಲ್ಲಿ ನಾನೂ ಅದೇ ಗೆರೆ ನೋಡಿ ಬೆಳೆದವನು. ಆದರೆ ಆ ಕಾಲದಲ್ಲಿ ಅಲ್ಲಿ ಓಡಾಡುತ್ತಿದ್ದ ವ್ಯಾಪಾರಿಯನ್ನು ನಿಲ್ಲಿಸಿ 'ರೇಷ್ಮೆ ದಾರಿ ಯಾವುದಪ್ಪಾ?' ಎಂದು ಕೇಳಿದ್ದರೆ ಅವನಿಗೆ ಏನೂ ಅರ್ಥವಾಗುತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಮುಂದಿನ ಊರಿನ ದಾರಿ ಮಾತ್ರ.

ಈ ಹೆಸರು ಬಳಕೆಗೆ ಬಂದದ್ದು ತೀರಾ ಈಚೆಗೆ. ಜರ್ಮನಿಯ ಭೂಗೋಳ ವಿದ್ವಾಂಸ ಫರ್ಡಿನಾಂಡ್ ಫಾನ್ ರಿಖ್ಟ್‌ಹೋಫೆನ್ 1877ರಲ್ಲಿ ಇದನ್ನು ಜರ್ಮನ್ ಭಾಷೆಯಲ್ಲಿ ಬಳಸಿದ. ಚೀನಾವನ್ನು ಯುರೋಪಿಗೆ ಜೋಡಿಸುವ ರೈಲು ಎಲ್ಲಿ ಹೋಗಬಹುದು ಎಂಬ ಯೋಚನೆಯೂ ಅವನ ತಲೆಯಲ್ಲಿತ್ತು. ಅವನ ನಕ್ಷೆಯ ದಾರಿ ಅಷ್ಟು ನೇರವಾಗಿ ಕಾಣುವುದಕ್ಕೆ ಅದೂ ಒಂದು ಕಾರಣ ಇರಬಹುದು.

ನಿಜವಾಗಿ ಅಲ್ಲಿದ್ದದ್ದು ಒಂದು ರಸ್ತೆ ಅಲ್ಲ, ದಾರಿಗಳ ಬಲೆ. ಚೀನಾದ ಡುನ್‌ಹುವಾಂಗ್ ದಾಟಿದರೆ ತಕ್ಲಮಕಾನ್ ಮರುಭೂಮಿ ಎದುರಾಗುತ್ತದೆ. ಒಂದು ದಾರಿ ಅದರ ಬಡಗಣ ಅಂಚು ಹಿಡಿದು, ಇನ್ನೊಂದು ತೆಂಕಣ ಅಂಚು ಹಿಡಿದು ಸಾಗುತ್ತವೆ. ಎರಡೂ ಕಾಶ್ಗರ್‌ನಲ್ಲಿ ಸೇರುತ್ತವೆ. ಅಲ್ಲಿಂದ ಪಾಮಿರ್ ಬೆಟ್ಟ ಹತ್ತಿಳಿದು ಇಂದಿನ ಉಜ್ಬೇಕಿಸ್ತಾನದ ಸಮರ್‌ಕಂದ, ಬುಖಾರಾ, ಮೆರ್ವ್, ಆಮೇಲೆ ಇರಾನ್. ನಡುವೆ ನೀರಿದ್ದ ಕಡೆ ಊರು, ಊರಿದ್ದ ಕಡೆ ಸಂತೆ. ಈ ತುದಿಯಿಂದ ಆ ತುದಿಯವರೆಗೆ ಹೋದವರು ತೀರಾ ಕಡಿಮೆ. ಹೆಚ್ಚಿನವರು ತಮಗೆ ಗೊತ್ತಿರುವ ಎರಡು ಮೂರು ಸಂತೆಗಳ ನಡುವೆ ಓಡಾಡಿ ಮನೆಗೆ ಮರಳುತ್ತಿದ್ದರು. ಸರಕು ಮಾತ್ರ ಕೈಯಿಂದ ಕೈಗೆ ದಾಟುತ್ತಾ ಮುಂದೆ ಹೋಗುತ್ತಿತ್ತು.

ಇದಕ್ಕೆ ಒಂದು ಚಂದದ ಸಾಕ್ಷಿ ಇದೆ. ಕ್ರಿ.ಪೂ. 138ರಲ್ಲಿ ಚೀನಾದ ಹಾನ್ ಮನೆತನದ ದೊರೆ ವೂ, ಜಾಂಗ್ ಚಿಯೆನ್ ಎಂಬ ದೂತನನ್ನು ಪಶ್ಚಿಮಕ್ಕೆ ಕಳಿಸಿದ. ದಾರಿಯಲ್ಲೇ ಚೀನಾದ ಉತ್ತರದ ಅಲೆಮಾರಿ ಜನರಾದ ಶಿಯೊಂಗ್‌ನುಗಳ ಕೈಗೆ ಸಿಕ್ಕಿ ಸುಮಾರು 10 ವರ್ಷ ಸೆರೆಯಲ್ಲಿದ್ದು, ತಪ್ಪಿಸಿಕೊಂಡು, ಇಂದಿನ ಅಫ್ಘಾನಿಸ್ತಾನದ ಉತ್ತರದ ಬ್ಯಾಕ್ಟ್ರಿಯಾ ತಲುಪಿದ. ಅಲ್ಲಿನ ಸಂತೆಯಲ್ಲಿ ನೋಡುತ್ತಾನೆ, ತನ್ನದೇ ದೇಶದ ಶೂ ಸೀಮೆಯ ಬಟ್ಟೆ ಮತ್ತು ಬಿದಿರು ಕೋಲು! ಎಲ್ಲಿಂದ ಬಂತು ಎಂದು ಕೇಳಿದರೆ, 'ನಮ್ಮ ವ್ಯಾಪಾರಿಗಳು ಶೆಂದುವಿನಲ್ಲಿ ಕೊಂಡು ತಂದದ್ದು' ಎಂದರಂತೆ. ಶೆಂದು ಅಂದರೆ ಸಿಂಧು, ನಮ್ಮ ಭಾರತ. ದೊರೆಯ ದೂತ ಬರುವ ಮೊದಲೇ ಆ ಬಿದಿರು ಕೋಲು ಬೇರೆ ದಾರಿ ಹಿಡಿದು ಅಲ್ಲಿಗೆ ಬಂದು ಮುಟ್ಟಿತ್ತು!

ಇನ್ನು ರೇಷ್ಮೆ. ಅದು ಸುಮ್ನೆ ಶ್ರೀಮಂತರ ಬಟ್ಟೆ ಅಲ್ಲ, ದುಡ್ಡೂ ಆಗಿತ್ತು. ಚೀನಾದ ಟಾಂಗ್ ಮನೆತನದ ದೊರೆಗಳು ಗಡಿಯ ಸೈನಿಕರಿಗೆ ಸಂಬಳವನ್ನು ರೇಷ್ಮೆಯ ಥಾನುಗಳಲ್ಲಿ ಕಳಿಸುತ್ತಿದ್ದರು. ಸೈನಿಕರು ಅದನ್ನು ಕೊಟ್ಟು ಕಾಳು ಕಡಿ, ಕುದುರೆ ಕೊಳ್ಳುತ್ತಿದ್ದರು. ಕುದುರೆಗಳಂತೂ ಚೀನಾಕ್ಕೆ ಬೇಕೇ ಬೇಕಿತ್ತು. ಮಧ್ಯ ಏಷ್ಯಾದ ಫರ್ಗಾನಾ ಕಣಿವೆಯ ಕುದುರೆಗಳಿಗಾಗಿ ಹಾನ್ ದೊರೆ ಯುದ್ಧವನ್ನೇ ಮಾಡಿದ. ಕುದುರೆಯ ಹಿಂದೆ ಅದರ ಮೇವು ಕುದುರೆ ಮೆಂತೆಯೂ ಚೀನಾಕ್ಕೆ ಬಂತು, ದ್ರಾಕ್ಷಿಯೂ ಬಂತು.

ನಮ್ಮ 'ರೇಷ್ಮೆ' ಎಂಬ ಮಾತೂ ಹೊರಗಿನಿಂದ ಬಂದದ್ದೇ. ಪಾರಸಿಯ 'ಅಬ್ರೇಶಮ್', 'ರೇಶಮ್' ಕನ್ನಡಕ್ಕೆ ಬಂದು ರೇಶಿಮೆ, ರೇಷ್ಮೆ ಆಯಿತು. ಅದಕ್ಕೂ ಹಳೆಯದು ಕೌಟಿಲ್ಯನ ಅರ್ಥಶಾಸ್ತ್ರದ 'ಚೀನಪಟ್ಟ'. ಕರಾವಳಿಯ ಮನೆಗಳಲ್ಲಿ ಈಗಲೂ 'ಪಟ್ಟೆ ಸೀರೆ' ಅನ್ನುತ್ತಾರಲ್ವಾ, ಆ ಪಟ್ಟೆಯ ಬೇರು ಈ 'ಪಟ್ಟ'.

ಆದರೆ ಈ ದಾರಿಯಲ್ಲಿ ಬಂದ ಎಲ್ಲ ಸರಕಿಗಿಂತ ದೊಡ್ಡದು ಕಾಗದ ಎಂದು ನನಗನ್ನಿಸುತ್ತದೆ. ಚೀನಾದಲ್ಲಿ ಹುಟ್ಟಿದ ಕಾಗದ 8ನೇ ಶತಮಾನದ ಹೊತ್ತಿಗೆ ಸಮರ್‌ಕಂದದಲ್ಲಿ, ಅದೇ ಶತಮಾನದ ಕೊನೆಗೆ ಬಾಗ್ದಾದ್‌ನಲ್ಲಿ ತಯಾರಾಗುತ್ತಿತ್ತು. ಅಲ್ಲಿಂದ ನಿಧಾನವಾಗಿ ಯುರೋಪಿಗೂ ಹೋಯಿತು. ಕಾಗದ ಎಂಬ ಹೆಸರು ನಮಗೆ ಪಾರಸಿಯಿಂದ ಬಂತು. ಪಾರಸಿಗೆ ಅದು ಸಮರ್‌ಕಂದದ ಸೊಗ್ದಿ ಜನರ ಭಾಷೆಯಿಂದ ಬಂತು ಎನ್ನುತ್ತಾರೆ. ಈ ಸೊಗ್ದಿಗಳೇ ಆ ದಾರಿಯ ದೊಡ್ಡ ವ್ಯಾಪಾರಿಗಳು.

ಕನ್ನಡದಲ್ಲಿ ಕಾಗದ ಅಂದರೆ ಹಾಳೆಯೂ ಹೌದು, ಪತ್ರವೂ ಹೌದು. ಸೊಗ್ದಿಗಳು ಬರೆದ ಅಂಥ ಕೆಲವು ಕಾಗದಗಳು ಉಳಿದಿವೆ. 1907ರಲ್ಲಿ ಪುರಾತತ್ವಜ್ಞ ಆರೆಲ್ ಸ್ಟೈನ್ ಡುನ್‌ಹುವಾಂಗ್‌ನ ಪಶ್ಚಿಮಕ್ಕೆ ಪಾಳುಬಿದ್ದ ಕಾವಲು ಗೋಪುರವೊಂದರಲ್ಲಿ ಅಗೆದಾಗ ಒಂದು ಕಟ್ಟು ಟಪಾಲು ಸಿಕ್ಕಿತು. ಕ್ರಿ.ಶ. 313ರ ಆಸುಪಾಸಿನದು. ಯಾರಿಗೂ ಮುಟ್ಟದೆ ಅಲ್ಲೇ ಉಳಿದಿತ್ತು.

ಅದರಲ್ಲಿ ಒಂದನ್ನು ಬರೆಸಿದವಳು ಮಿವ್ನಾಯ್ ಎಂಬ ಹೆಂಗಸು. ಗಂಡ ನನೈಧತ್ ಅವಳನ್ನೂ ಮಗಳು ಶಾಯ್ನ್‌ಳನ್ನೂ ಡುನ್‌ಹುವಾಂಗ್‌ನಲ್ಲಿ ಬಿಟ್ಟು ಹೋಗಿದ್ದ. ಮೂರು ವರ್ಷ ಆಯಿತು, ಕೈಯಲ್ಲಿ ಕಾಸಿಲ್ಲ. ಊರಿಗೆ ಹೊರಟ ತಂಡಗಳು ಐದು ಸಲ ಸಿಕ್ಕವು, ಕರೆದೊಯ್ಯಲು ಯಾರೂ ಒಪ್ಪಲಿಲ್ಲ. ಅವಳ ಸಿಟ್ಟು 1,700 ವರ್ಷದ ನಂತರವೂ ಹಾಳೆಯ ಮೇಲೆ ಬಿಸಿಯಾಗಿದೆ. ನಿನ್ನ ಹೆಂಡತಿ ಆಗಿರುವುದಕ್ಕಿಂತ ನಾಯಿಗೋ ಹಂದಿಗೋ ಹೆಂಡತಿಯಾಗಿದ್ದರೆ ಲೇಸಿತ್ತು ಎಂದು ಗಂಡನಿಗೆ ಬರೆಸಿದ್ದಾಳೆ. ಕೊನೆಗೆ ಮಗಳೂ ಅಪ್ಪನಿಗೆ ಎರಡು ಮಾತು ಸೇರಿಸಿದ್ದಾಳೆ. ಇದನ್ನು ಓದಿದ ಮೇಲೆ ನನಗೆ ಭೂಪಟದ ಆ ಗೆರೆ ಮೊದಲಿನ ಹಾಗೆ ಕಾಣಲಿಲ್ಲ. ಅದರ ಮೇಲಿನ ಒಂದೊಂದು ಚುಕ್ಕೆಯಲ್ಲೂ ಹೀಗೆ ಯಾರೋ ಕಾಯುತ್ತಾ ಕೂತಿದ್ದರು.

ಸರಕಿನ ಜೊತೆ ಧರ್ಮಗಳೂ ನಡೆದವು. ಬೌದ್ಧ ಧರ್ಮ ಚೀನಾಕ್ಕೆ ಹೋದ ಮುಖ್ಯ ದಾರಿಗಳಲ್ಲಿ ಇದೂ ಒಂದು. 629ರಲ್ಲಿ ಹೊರಟ ಹ್ಯೂಯೆನ್ ತ್ಸಾಂಗ್ ಇದೇ ಮರುಭೂಮಿಯ ಅಂಚು ಹಿಡಿದು ಭಾರತಕ್ಕೆ ಬಂದ. ನಮ್ಮ ಇಮ್ಮಡಿ ಪುಲಿಕೇಶಿಯ ರಾಜ್ಯ ನೋಡಿ, ಹರ್ಷನಿಗೂ ಅವನನ್ನು ಮಣಿಸಲು ಆಗಲಿಲ್ಲ ಎಂದು ಬರೆದಿಟ್ಟ. 645ರಲ್ಲಿ ಚೀನಾಕ್ಕೆ ಮರಳಿದ.

ರೋಗವೂ ಬಂತು. ಕಿರ್ಗಿಸ್ತಾನದ ಇಸಿಕ್-ಕುಲ್ ಸರೋವರದ ಬಳಿಯ ಹಳೆಯ ಸಮಾಧಿಗಳಲ್ಲಿ 1338-39ರವು ತುಂಬಾ ಜಾಸ್ತಿ. ಕೆಲವು ಕಲ್ಲುಗಳ ಮೇಲೆ 'ಪಿಡುಗಿನಿಂದ ಸತ್ತರು' ಎಂದೇ ಬರೆದಿದೆ. ಅಲ್ಲಿ ಹೂತವರ ಹಲ್ಲುಗಳಲ್ಲಿ ಪ್ಲೇಗಿನ ರೋಗಾಣುವಿನ ಗುರುತು ಇರುವುದು 2022ರಲ್ಲಿ ಖಚಿತವಾಯಿತು. 1347ರ ಹೊತ್ತಿಗೆ ಪ್ಲೇಗು ಯುರೋಪಿನಲ್ಲಿತ್ತು.

ಆಮೇಲೆ ಸಮುದ್ರದ ವ್ಯಾಪಾರ ಬೆಳೆಯಿತು. ಒಂಟೆ ಹೊರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸರಕು ಹಡಗಿನಲ್ಲಿ ಹೋಗುತ್ತಿತ್ತು. ಒಣದಾರಿಯ ದೊಡ್ಡ ಊರುಗಳು ಒಂದೊಂದಾಗಿ ಮಂಕಾದವು.

ಮಿವ್ನಾಯ್‌ಳ ಕಾಗದ ಇದ್ದ ಅದೇ ಕಟ್ಟಿನಲ್ಲಿ ಇನ್ನೊಂದು ಕಾಗದವೂ ಇತ್ತು. ಚೀನಾದ ರಾಜಧಾನಿ ಸುಟ್ಟುಹೋಯಿತು, ದೊರೆ ಓಡಿಹೋದ ಎಂದು ಒಬ್ಬ ವ್ಯಾಪಾರಿ ತನ್ನ ಊರಿನವರಿಗೆ ಸುದ್ದಿ ಬರೆದಿದ್ದ. ಆ ಕಾಗದಕ್ಕೆ ಒಂದು ತುಂಡು ರೇಷ್ಮೆ ಸುತ್ತಿ, ಅದರ ಹೊರಗೆ ಒರಟು ಬಟ್ಟೆಯ ಲಕೋಟೆ ಹಾಕಿ, ಸಮರ್‌ಕಂದಕ್ಕೆ ಎಂದು ವಿಳಾಸ ಬರೆದಿದ್ದರು.