ಹಿಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸಿದರೆ ಗಾಡಿ ಬೇಗ ನಿಲ್ಲುತ್ತಾ?

ಪ್ರಶ್ನೆ: ಸರ್, ನನ್ನದು 2018ರ ಸ್ವಿಫ್ಟ್. ಹಿಂದೆ ಡ್ರಮ್ ಬ್ರೇಕ್ ಇದೆ. ಬಲೆನೊ ಆರ್‌ಎಸ್‌ನ ಹಿಂದಿನ ಡಿಸ್ಕ್ ಸೆಟ್ ಶಿವಾಜಿನಗರದ ಗುಜರಿಯಲ್ಲಿ ಸಿಗುತ್ತಿದೆ. ತಂದು ಹಾಕಿಸಲಾ? ಬ್ರೇಕ್ ಇನ್ನೂ ಚೆನ್ನಾಗಿ ಹಿಡಿಯುತ್ತಲ್ವಾ?

ಉತ್ತರ: ಬೇಡ. ಗಾಡಿಯ ಹೆಸರು ಮಾತ್ರ ಬದಲಾಗುತ್ತೆ, ಪ್ರಶ್ನೆ ಅದೇ. ಪೋಲೊ ಇಟ್ಟುಕೊಂಡವರು ಜಿಟಿಐ ಸೆಟ್ ಬಗ್ಗೆ ಕೇಳ್ತಾರೆ, ಸ್ವಿಫ್ಟ್ ಇರೋರು ಆರ್‌ಎಸ್ ಬಗ್ಗೆ. ಎಷ್ಟು ಸಲ ಬರೆದರೂ ಮತ್ತೆ ಬರುತ್ತೆ, ಅದಕ್ಕೇ ಈ ಸಲ ಬುಡದಿಂದ ಹೇಳ್ತೀನಿ.

ಹಾಕೋಕೆ ಆಗುತ್ತಾ ಅಂದ್ರೆ, ಆಗುತ್ತೆ. ಬೋಲ್ಟ್ ಕೂರಿಸಿಕೊಡೋ ಕೈಗಳು ಜೆ.ಸಿ. ರಸ್ತೆಯ ಸುತ್ತಮುತ್ತ ಬೇಕಾದಷ್ಟಿವೆ. ಆದರೆ ಡಿಸ್ಕ್ ಮತ್ತು ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿಯೋ ಕ್ಯಾಲಿಪರ್ ತಂದರೆ ಮುಗಿಯಲ್ಲ. ಹಬ್, ಬ್ರಾಕೆಟ್, ಹೋಸ್, ಹ್ಯಾಂಡ್ ಬ್ರೇಕ್ ಕೇಬಲ್, ಎಬಿಎಸ್ (ಚಕ್ರ ಲಾಕ್ ಆಗದಂತೆ ನೋಡಿಕೊಳ್ಳೋ ವ್ಯವಸ್ಥೆ) ಸೆನ್ಸರ್ ಎಲ್ಲಾ ಒಂದಕ್ಕೊಂದು ಹೊಂದಬೇಕು. ರಿಮ್ ಒಳಗೆ ಕ್ಯಾಲಿಪರ್‌ಗೆ ಜಾಗ ಇರಬೇಕು. ಇಷ್ಟಾದ ಮೇಲೂ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಮತ್ತು ಎಬಿಎಸ್ ಯೂನಿಟ್ ಹಳೇದೇ, ಡ್ರಮ್ಮಿಗೆ ಅಂತ ಲೆಕ್ಕ ಹಾಕಿ ಕೂರಿಸಿದ್ದು.

ಈಗ ಅಸಲಿ ವಿಷಯಕ್ಕೆ ಬರೋಣ. ಹಿಂದೆ ಡಿಸ್ಕ್ ಇದ್ರೆ ಗಾಡಿ ಬೇಗ ನಿಲ್ಲುತ್ತೆ ಅನ್ನೋ ನಂಬಿಕೆ ನಮ್ಮವರ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಶೋರೂಮಿನಲ್ಲಿ ‘ನಾಲ್ಕಕ್ಕೂ ಡಿಸ್ಕ್’ ಅಂತ ಹೇಳೋ ಧಾಟಿಯೂ ಅದಕ್ಕೆ ನೀರೆರೆಯುತ್ತೆ. ಬೆಳಗ್ಗೆ ಐದಕ್ಕೆ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ನಲವತ್ತರ ವೇಗದಲ್ಲಿ ಪೆಡಲ್ ಪೂರ್ತಿ ಒತ್ತಿ ನೋಡಿ. ಕಾಲಿನ ಕೆಳಗೆ ದಡದಡ ಅಂತ ಅದುರುತ್ತೆ. ಅದು ಎಬಿಎಸ್ ಕೆಲಸ ಮಾಡ್ತಿರೋ ಸದ್ದು. ಅಂದ್ರೆ ಚಕ್ರವನ್ನು ಲಾಕ್ ಮಾಡುವಷ್ಟು ಶಕ್ತಿ ಈಗಿರೋ ಬ್ರೇಕಿಗೇ ಇದೆ, ಟೈರಿನ ಹಿಡಿತ ಅದಕ್ಕಿಂತ ಮೊದಲೇ ಮುಗಿದಿದೆ. ಅದಕ್ಕೇ ಎಬಿಎಸ್ ಬ್ರೇಕನ್ನು ಬಿಟ್ಟು ಬಿಟ್ಟು ಹಿಡೀತಿದೆ. ಹೀಗಿರುವಾಗ ಇನ್ನೂ ಜೋರಾದ ಬ್ರೇಕ್ ಹಾಕಿ ಸಾಧಿಸೋದೇನು? ಚಕ್ರವನ್ನು ನಿಲ್ಲಿಸೋದು ಬ್ರೇಕ್, ಗಾಡಿಯನ್ನು ನಿಲ್ಲಿಸೋದು ಟೈರು. ಇದೊಂದು ಅರ್ಥವಾದರೆ ಅರ್ಧ ಪ್ರಶ್ನೆಗಳು ಬರೋದೇ ಇಲ್ಲ.

ಅದರಲ್ಲೂ ಹಿಂದಿನ ಟೈರು. ಸುಮಾರು 900 ಕಿಲೋ ತೂಗೋ, ಮುಂದೆ ಎಂಜಿನ್ ಇರೋ ಕಾರು ನಿಂತಿರುವಾಗ ಹಿಂದಿನ ಎರಡು ಚಕ್ರಗಳ ಮೇಲೆ 360 ಕಿಲೋದಷ್ಟು ಭಾರ ಇರುತ್ತೆ ಅಂತಿಟ್ಟುಕೊಳ್ಳಿ. ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲಿ ಹಿಂದೆ ಸುಮಾರು 200 ಕಿಲೋ ಉಳಿಯುತ್ತೆ. ಭಾರ ಇಲ್ಲದ ಟೈರಿಗೆ ಹಿಡಿತವೂ ಇಲ್ಲ. ಅಲ್ಲಿ ಬ್ರೇಕ್ ಅತಿಯಾದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿಯ ಹಿಂಭಾಗ ಮುಂದಕ್ಕೆ ತಿರುಗಿಬಿಡುತ್ತೆ. ಹಾಗಾಗಬಾರದು ಅಂತಲೇ ಹಳೇ ಗಾಡಿಗಳಲ್ಲಿ ಹಿಂದಕ್ಕೆ ಹೋಗೋ ಒತ್ತಡ ತಗ್ಗಿಸೋಕೆ ಒಂದು ವಾಲ್ವ್ ಇರ್ತಿತ್ತು, ಈಗಿನ ಗಾಡಿಯಲ್ಲಿ ಇಬಿಡಿ (ಮುಂದೆ ಹಿಂದೆ ಬ್ರೇಕ್ ಬಲ ಹಂಚೋ ಎಲೆಕ್ಟ್ರಾನಿಕ್ ವ್ಯವಸ್ಥೆ) ಆ ಕೆಲಸ ಮಾಡುತ್ತೆ. ಎಂಜಿನಿಯರುಗಳು ಬೇಕಂತಲೇ ಕಡಿಮೆ ಇಟ್ಟಿದ್ದನ್ನು ನೀವು ದುಡ್ಡು ಕೊಟ್ಟು ಕದಡ್ತೀರಿ.

ಇನ್ನು ಡ್ರಮ್ ಅಂದ್ರೆ ದುರ್ಬಲ ಅನ್ನೋದೂ ಸುಳ್ಳು. ತಿರುಗೋ ಡ್ರಮ್ಮಿಗೆ ಒಳಗಿನ ಶೂ (ಡ್ರಮ್ಮನ್ನು ಒಳಗಿಂದ ಒತ್ತಿ ಹಿಡಿಯೋ ಕಮಾನಿನಂಥ ಪಟ್ಟಿ) ತಾಗಿದ ತಕ್ಷಣ ಆ ತಿರುಗುವಿಕೆಯೇ ಮುಂದಿನ ಶೂವನ್ನು ಎಳೆದು ಇನ್ನಷ್ಟು ಒತ್ತುತ್ತೆ. ಬಾಗಿಲ ಕೆಳಗೆ ಸಿಕ್ಕಿಸಿದ ಮರದ ಚೂರು, ಬಾಗಿಲು ತಳ್ಳಿದಷ್ಟೂ ಬಿಗಿಯಾಗುತ್ತಲ್ಲ, ಹಾಗೆ. ಡಿಸ್ಕಿಗೆ ಈ ಸಹಾಯ ಇಲ್ಲ. ಫೋಕ್ಸ್‌ವ್ಯಾಗನ್ 2020ರಲ್ಲಿ ತಂದ ಎಲೆಕ್ಟ್ರಿಕ್ ಐಡಿ.4ಕ್ಕೆ ಹಿಂದೆ ಡ್ರಮ್ಮನ್ನೇ ಕೊಟ್ಟಿತು. ಎರಡು ಟನ್ ಮೀರೋ ಗಾಡಿ ಅದು.

ಹಾಗಾದ್ರೆ ಡಿಸ್ಕಿನಿಂದ ಲಾಭವೇ ಇಲ್ವಾ? ಇದೆ: ಶಾಖ ಬೇಗ ಆರುತ್ತೆ. ನೂರರ ವೇಗದಿಂದ ನಿಲ್ಲಿಸುವಾಗ ಹುಟ್ಟೋ ಶಾಖ ಮೂವತ್ತರಿಂದ ನಿಲ್ಲಿಸುವಾಗ ಹುಟ್ಟೋದಕ್ಕಿಂತ ಹನ್ನೊಂದು ಪಟ್ಟು. ಪದೇಪದೇ ಅಂಥ ವೇಗದಿಂದ ನಿಲ್ಲಿಸೋರಿಗೆ ಅದು ಬೇಕು. ಸಿಲ್ಕ್ ಬೋರ್ಡಿನಲ್ಲಿ ಫಸ್ಟ್ ಗೇರಿನಲ್ಲಿ ತೆವಳೋ ಗಾಡಿಗೆ ಬೇಕಿಲ್ಲ. ನಂದಿ ಬೆಟ್ಟ ಇಳಿಯುವಾಗ ಪೆಡಲ್ ಮೆತ್ತಗಾಗುತ್ತೆ ಅನ್ನೋರು ಎರಡನೇ ಗೇರಿನಲ್ಲಿ ಇಳಿಯಿರಿ, ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಆಯಿಲ್ ಕುದಿದು ಗುಳ್ಳೆಯೆದ್ದರೂ ಪೆಡಲ್ ಮೆತ್ತಗಾಗುತ್ತೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯೋ ಬಿಂದು ಕನಿಷ್ಠ 205 ಡಿಗ್ರಿ ಇರಬೇಕು. ಗಾಳಿಯ ತೇವ ಹೀರಿಕೊಂಡ ಮೇಲೆ ಅದು 140ರವರೆಗೂ ಇಳಿಯಬಹುದು.

ಕಾನೂನಿನ ಮಾತು ಒಂದೇ ಸಾಲಿನಲ್ಲಿ: ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಬಗ್ಗೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅಪಘಾತವಾದಾಗ ಇನ್ಶೂರೆನ್ಸ್ ಸರ್ವೇಯರ್ ಮುಂದೆ ಗುಜರಿ ಕ್ಯಾಲಿಪರ್ ಇಟ್ಟುಕೊಂಡು ನಿಲ್ಲಬೇಡಿ.

ಬ್ರೇಕ್ ನಿಜವಾಗಲೂ ಸಾಲುತ್ತಿಲ್ಲ ಅಂದ್ರೆ ಡ್ರಮ್ ಬಿಚ್ಚಿಸಿ, ಪಕ್ಕದಲ್ಲಿ ನಿಂತು ನೋಡಿ. ಶೂಗಳನ್ನು ಹೊರಕ್ಕೆ ತಳ್ಳೋ ವೀಲ್ ಸಿಲಿಂಡರಿನ ಎರಡೂ ತುದಿಯ ರಬ್ಬರ್ ಟೋಪಿಯನ್ನು ಉಗುರಿನಿಂದ ಸ್ವಲ್ಪ ಎತ್ತಿ. ಒಳಗೆ ಒಣಗಿರಬೇಕು. ಆಯಿಲ್ ಜಿನುಗಿದ್ದರೆ ಅದು ಶೂ ಮೇಲೆ ಅಂಟಿಸಿರೋ, ಉಜ್ಜಿ ಸವೆಯೋ ಲೈನರಿಗೆ ಇಳಿದಿರುತ್ತೆ, ಆ ಕಡೆಯ ಬ್ರೇಕ್ ಜಾರುತ್ತೆ. ಶೂಗಳ ನಡುವಿನ ಅಡ್ಜಸ್ಟರ್ ತುಕ್ಕು ಹಿಡಿದು ಕೂತಿದ್ದರೆ ಲೈನರ್ ಸವೆದಂತೆಲ್ಲ ಸಂದು ಹೆಚ್ಚಾಗಿ ಪೆಡಲ್ ಕೆಳಗಿಳಿಯುತ್ತೆ, ಹ್ಯಾಂಡ್ ಬ್ರೇಕ್ ಎಳೆದಾಗ ಟಕ್ ಟಕ್ ಸದ್ದು ಹೆಚ್ಚಾಗುತ್ತೆ. ಒಳಗಿನ ಕಪ್ಪು ಪುಡಿಯನ್ನು ಬಾಯಲ್ಲಿ ಊದೋಕೆ ಯಾರನ್ನೂ ಬಿಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಲಿ. ಉಳಿದ ದುಡ್ಡಿಗೆ ಒಳ್ಳೇ ಟೈರ್ ಹಾಕಿಸಿ. ಮೊದಲ ಮಳೆ ಬಿದ್ದು ರಸ್ತೆ ಜಾರೋ ದಿನ ಅದರ ಬೆಲೆ ಗೊತ್ತಾಗುತ್ತೆ.

ಡ್ರಮ್ಮಿನ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡ್ತೀನಿ. ಮಳೆಯಲ್ಲಿ ಓಡಿಸಿ ತಂದ ಅಥವಾ ಆಗಷ್ಟೇ ವಾಟರ್ ವಾಶ್ ಮಾಡಿಸಿದ ಗಾಡಿಗೆ ಹ್ಯಾಂಡ್ ಬ್ರೇಕ್ ಎಳೆದು ಹಬ್ಬಕ್ಕೆ ಊರಿಗೆ ಹೋಗ್ತೀರಿ. ವಾಪಸ್ ಬಂದಾಗ ಹಿಂದಿನ ಚಕ್ರ ಅಲ್ಲಾಡಲ್ಲ, ಶೂ ತುಕ್ಕಿನಿಂದ ಡ್ರಮ್ಮಿಗೆ ಅಂಟಿಕೊಂಡಿರುತ್ತೆ. ಆಕ್ಸಿಲರೇಟರ್ ಒತ್ತಿ ಎಳೆದಾಡಿದರೆ ಲೈನರ್ ಶೂ ಬಿಟ್ಟು ಕಿತ್ತು ಬರಬಹುದು. ಫಸ್ಟಿಗೊಮ್ಮೆ ರಿವರ್ಸಿಗೊಮ್ಮೆ ಮೆಲ್ಲಗೆ ಹಾಕಿ ನೋಡಿ. ಬಿಡದಿದ್ದರೆ ಮೆಕ್ಯಾನಿಕ್ ಕರೆಸಿ, ಚಕ್ರ ಬಿಚ್ಚಿ ಡ್ರಮ್ಮಿನ ಸುತ್ತ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದರೆ ಸಾಮಾನ್ಯವಾಗಿ ಬಿಡುತ್ತೆ. ಮುಂದಿನ ಸಲ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರದ ಹಿಂದೆ ಮುಂದೆ ಇಟ್ಟಿಗೆ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು ಹೋಗಿ.